ಪಿನ್ನಿನ ಬೆನ್ನು ನೋಡಿ: ಡಿಸ್ನಿ ಪಿನ್ ವಿನಿಮಯದಲ್ಲಿ ನಕಲಿಗಳ ಕಾಟ

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದಲ್ಲಿ ಬೇಸಿಗೆ ರಜೆಗೆ ಮುಂಚೆ ಆಡಿದ ಮಾತುಗಳಿವು. ಅಲ್ಲಿ ಪಿನ್ನುಗಳನ್ನು ಕೈಯಿಂದ ಕೈಗೆ ದಾಟಿಸಿ ತೋರಿಸಿದ್ದೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ, ಹಾಗಾಗಿ ಆ ಭಾಗವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಮಕ್ಕಳ ಕೊರಳಲ್ಲಿ ಆಗಲೇ ಲ್ಯಾನ್ಯಾರ್ಡ್, ಅಂದರೆ ಪಿನ್ ಚುಚ್ಚಿಕೊಳ್ಳುವ ಪಟ್ಟಿ, ತೂಗಾಡುತ್ತಿದೆ. ಅವರಿಗೆ ನಾನು ಪಿನ್ ಅಂದರೇನು ಅಂತ ಹೇಳಬೇಕಾಗಿಲ್ಲ. ಹಿಂದೆ ಕೂತಿರುವ ಅಪ್ಪ ಅಮ್ಮಂದಿರಿಗೆ, ಊರಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಪಿನ್ ಅಂದರೆ ಬಟ್ಟೆಗೋ ಪಟ್ಟಿಗೋ ಚುಚ್ಚಿಕೊಳ್ಳುವ, ಬಣ್ಣದ ಚಿತ್ರವಿರುವ ಪುಟ್ಟ ಲೋಹದ ಬಿಲ್ಲೆ.

1999ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಹೊಸ ಸಹಸ್ರಮಾನದ ಸಂಭ್ರಮ ಶುರುವಾಯಿತು. ಅದರ ಜೊತೆಗೇ ಈ ಪಿನ್ ವಿನಿಮಯವೂ ಶುರುವಾಯಿತು. ಆಮೇಲೆ ಇಲ್ಲಿ ಅನಾಹೈಮ್‌ನ ಡಿಸ್ನಿಲ್ಯಾಂಡ್‌ಗೂ ಬಂತು. ಆಟ ಸರಳ. ಪಾರ್ಕಿನ ಕೆಲಸಗಾರರು, ಅಂದರೆ ಕಾಸ್ಟ್ ಮೆಂಬರ್‌ಗಳು, ಕೊರಳ ಲ್ಯಾನ್ಯಾರ್ಡ್‌ಗೋ ಸೊಂಟದ ಪಟ್ಟಿಗೋ ಪಿನ್ ಚುಚ್ಚಿಕೊಂಡಿರುತ್ತಾರೆ. ನಿಮ್ಮದೊಂದು ಕೊಟ್ಟು ಅವರದೊಂದು ತೆಗೆದುಕೊಳ್ಳಬಹುದು. ಪಿನ್ ಲೋಹದ್ದಾಗಿರಬೇಕು, ಡಿಸ್ನಿಯದ್ದಾಗಿರಬೇಕು, ಹಿಂದಿನ ರಬ್ಬರ್ ಕ್ಯಾಪ್ ಹಾಕಿಯೇ ಕೊಡಬೇಕು. ಒಂದಕ್ಕೆ ಒಂದು, ಕೈಯಿಂದ ಕೈಗೆ. ಒಬ್ಬ ಕಾಸ್ಟ್ ಮೆಂಬರ್ ಹತ್ತಿರ ದಿನಕ್ಕೆ ಎರಡು ಸಲ ಮಾತ್ರ. ದುಡ್ಡು ಕೈ ಬದಲಾಗುವ ಹಾಗಿಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಹೋಗುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಇದರಲ್ಲಿ ಮೋಸಕ್ಕೆ ಜಾಗ ಎಲ್ಲಿದೆ ಅನ್ನಿಸಬಹುದು. ದುಡ್ಡೇ ಇಲ್ಲವಲ್ಲ! ನನ್ನ ಪ್ರಕಾರ ದುಡ್ಡು ಇಲ್ಲದ್ದೇ ತೊಂದರೆ. ದುಡ್ಡು ಕೊಟ್ಟು ಕೊಳ್ಳುವಾಗ ನಾವು ಹತ್ತು ಸಲ ತಿರುಗಿಸಿ ನೋಡುತ್ತೇವೆ. ವಿನಿಮಯದಲ್ಲಿ ಯಾರೂ ತಿರುಗಿಸುವುದಿಲ್ಲ. ಮುಂಭಾಗ ಚೆನ್ನಾಗಿದೆಯಾ, ಸರಿ, ತಗೋ.

ಊರಲ್ಲಿ ಹರಿದ ನೋಟು ಕೈಗೆ ಬಂದರೆ ಏನು ಮಾಡುತ್ತಿದ್ದೆವು? ಪರ್ಸಿನಲ್ಲಿ ಅದನ್ನೇ ಮೇಲಿಟ್ಟುಕೊಂಡು, ನೂಕುನುಗ್ಗಲಿನ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ತುರುಕುತ್ತಿದ್ದೆವು. ಒಳ್ಳೆ ನೋಟು ಒಳಗೇ ಉಳಿಯುತ್ತಿತ್ತು. ನಕಲಿ ಪಿನ್ ಕಥೆಯೂ ಅದೇ. ಗೊತ್ತಿರುವವರು ನಕಲಿಯನ್ನು ಸಾಗಹಾಕಿ ಅಸಲಿಯನ್ನು ಮನೆಗೆ ಒಯ್ಯುತ್ತಾರೆ. ದಿನ ಕಳೆದಂತೆ ಕಾಸ್ಟ್ ಮೆಂಬರ್‌ಗಳ ಲ್ಯಾನ್ಯಾರ್ಡ್‌ನಲ್ಲಿ ಉಳಿಯುವುದು ಬೇರೆಯವರಿಗೆ ಬೇಡವಾದದ್ದು.

ಲೆಕ್ಕ ನೋಡಿ. ಪಾರ್ಕಿನ ಅಂಗಡಿಯಲ್ಲಿ ಬಿಡಿ ಪಿನ್ ಒಂದಕ್ಕೆ 10 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ. ಆನ್‌ಲೈನ್‌ನಲ್ಲಿ "ನೂರು ಪಿನ್, ಒಂದರ ಹಾಗೆ ಇನ್ನೊಂದಿಲ್ಲ, ಪಾರ್ಕಿನಲ್ಲಿ ಬದಲಾಯಿಸಬಹುದು" ಅಂತ ಮಾರುವ ಚೀಲದಲ್ಲಿ ಒಂದೊಂದು ಪಿನ್ ಒಂದು ಡಾಲರಿಗಿಂತ ಕಡಿಮೆಗೆ ಬೀಳುತ್ತದೆ. ಅರ್ಧ ಡಾಲರಿನ ಪಿನ್ ಕೊಟ್ಟು ಹತ್ತು ಡಾಲರಿನದ್ದು ತೆಗೆದುಕೊಂಡು, ಅದನ್ನು ಮಾರಿದರೆ ಆಯಿತು. ಕೆಲವರಿಗೆ ಇದೊಂದು ವ್ಯಾಪಾರವೇ. ಇನ್ನೊಂದಷ್ಟು ಜನರಿಗೆ ಏನೂ ಗೊತ್ತಿರುವುದಿಲ್ಲ. ಮಕ್ಕಳಿಗೆ ಖರ್ಚು ಕಡಿಮೆಯಾಗಲಿ ಅಂತ ಅಗ್ಗದ ಚೀಲ ತರಿಸಿರುತ್ತಾರೆ. ನಕಲಿ ಪಿನ್ ಹಬ್ಬುವುದಕ್ಕೆ ಈ ಇಬ್ಬರೂ ಸಮಾನ ಕಾರಣ ಅಂತ ಹೇಳಿದರೆ ಬೇಜಾರಾಗಬೇಡಿ.

"ಕಾಸ್ಟ್ ಮೆಂಬರ್‌ಗಳು ಯಾಕೆ ಬೇಡ ಅನ್ನುವುದಿಲ್ಲ?" ಅಂತ ಯಾರೋ ಕೇಳುತ್ತಿದ್ದಾರೆ. ಅವರು ಇರುವುದು ಬಂದ ಅತಿಥಿಗಳನ್ನು ಖುಷಿಯಾಗಿಡುವುದಕ್ಕೆ. ಆರು ವರ್ಷದ ಮಗು ಆಸೆಯಿಂದ ಪಿನ್ ಚಾಚಿದಾಗ "ಇದು ನಕಲಿ ಪುಟ್ಟ" ಅನ್ನುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಒಂದು ಮಾತು ನೆನಪಿಡಿ. ಪಾರ್ಕಿನ ಅಂಗಡಿಯಲ್ಲಿ ಕೊಂಡ ಪಿನ್ ಅಸಲಿ. ಪಾರ್ಕಿನ ಲ್ಯಾನ್ಯಾರ್ಡ್‌ನಿಂದ ಬಂದದ್ದು ಅಸಲಿ ಇರಬಹುದು, ಇಲ್ಲದೆಯೂ ಇರಬಹುದು.

ಈ ನಕಲಿಗಳು ಹುಟ್ಟುವುದು ಎಲ್ಲಿ? ಅಸಲಿ ಪಿನ್‌ಗಳಲ್ಲಿ ಹೆಚ್ಚಿನವು ಚೀನಾದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಒಂದು ಚಿತ್ರಕ್ಕೆ ಒಂದು ಅಚ್ಚು. ಆ ಅಚ್ಚಿನಿಂದ ಲೋಹದ ಮೇಲೆ ಗೆರೆಗಳನ್ನು ಉಬ್ಬಿಸುತ್ತಾರೆ. ಗೆರೆಗಳ ನಡುವಿನ ತಗ್ಗಿಗೆ ಎನಾಮಲ್ ಬಣ್ಣ ತುಂಬಿ, ಒಲೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಕೆಲವು ಪಿನ್‌ಗಳಲ್ಲಿ ಬಣ್ಣವನ್ನೂ ಗೆರೆಯನ್ನೂ ಒಂದೇ ಸಮಕ್ಕೆ ಉಜ್ಜುತ್ತಾರೆ. ಅವು ಕನ್ನಡಿಯ ಹಾಗೆ ನುಣ್ಣಗಿರುತ್ತವೆ. ಕೆಲವದರಲ್ಲಿ ಬಣ್ಣ ಒಂಚೂರು ತಗ್ಗಿನಲ್ಲೇ ಇರುತ್ತದೆ, ಬೆರಳಾಡಿಸಿದರೆ ಗೆರೆ ತಾಕುತ್ತದೆ. ಎರಡೂ ಅಸಲಿಯಲ್ಲಿ ಉಂಟು, ಗಾಬರಿ ಬೇಡ.

ಈಗ ಕಾರ್ಖಾನೆಗೆ ಇಷ್ಟು ಸಾವಿರ ಪಿನ್ ಬೇಕು ಅಂತ ಆರ್ಡರ್ ಬಂತು ಅಂದುಕೊಳ್ಳಿ. ಕೆಲಸ ಮುಗಿದ ಮೇಲೂ ಅಚ್ಚು ಅಲ್ಲೇ ಇರುತ್ತದೆ. ಬಣ್ಣ ಸರಿಯಾಗಿ ಕೂರದ, ತಪಾಸಣೆಯಲ್ಲಿ ಬಿದ್ದುಹೋದ ಪಿನ್‌ಗಳೂ ಇರುತ್ತವೆ. ಅವನ್ನು ನಾಶ ಮಾಡಬೇಕು. ಮಾಡದೆ ಹಿಂಬಾಗಿಲಿನಿಂದ ಮಾರಿದರೆ? ಅದೇ ಅಚ್ಚಿನಲ್ಲಿ ಅಗ್ಗದ ಲೋಹ ಹಾಕಿ ಇನ್ನಷ್ಟು ಒತ್ತಿದರೆ? ಇಂಥವಕ್ಕೆ ಸಂಗ್ರಹಕಾರರು ಇಟ್ಟ ಹೆಸರು ಸ್ಕ್ರ್ಯಾಪರ್, ಗುಜರಿಗೆ ಹೋಗಬೇಕಾದ ಮಾಲು. ಇನ್ನೊಂದು ಜಾತಿ ಇದೆ. ಅಸಲಿ ಪಿನ್ ನೋಡಿ, ಹೊಸದಾಗಿ ಅಚ್ಚು ತೆಗೆದು ಮಾಡಿದ್ದು. ಈಗ ಮಾತಿನಲ್ಲಿ ಎಲ್ಲವನ್ನೂ ಸ್ಕ್ರ್ಯಾಪರ್ ಅಂದುಬಿಡುತ್ತಾರೆ. ಮೊದಲ ಜಾತಿಯದ್ದು ಕಂಡುಹಿಡಿಯುವುದು ಕಷ್ಟ. ಎರಡನೆಯದ್ದು ಗಮನವಿಟ್ಟು ನೋಡಿದರೆ ಸಿಕ್ಕಿಬೀಳುತ್ತದೆ.

ನಕಲಿ ಮಾಡುವವರು ಜಾಸ್ತಿ ಬೆನ್ನು ಹತ್ತಿದ್ದು ಹಿಡನ್ ಮಿಕ್ಕಿ ಪಿನ್‌ಗಳನ್ನು. ಇವುಗಳಲ್ಲಿ ಚಿತ್ರದ ಮೂಲೆಯಲ್ಲೆಲ್ಲೋ ಮಿಕ್ಕಿ ತಲೆಯ ಪುಟ್ಟ ಗುರುತಿರುತ್ತದೆ, ಮೂರು ದುಂಡು. ಇವನ್ನು ಮಾಡಿದ್ದೇ ಕಾಸ್ಟ್ ಮೆಂಬರ್‌ಗಳ ಲ್ಯಾನ್ಯಾರ್ಡ್‌ಗೆ ಅಂತ. ಅಂಗಡಿಯಲ್ಲಿ ಬಿಡಿಯಾಗಿ ಸಿಗದ್ದು ವಿನಿಮಯದಲ್ಲೇ ಸಿಗಬೇಕು, ಅಲ್ವಾ? ಐದರ ಸೆಟ್ಟಿನಲ್ಲಿ ನಾಲ್ಕು ಸಿಕ್ಕಿ ಒಂದು ಉಳಿದರೆ ನಿದ್ದೆ ಬರುವುದಿಲ್ಲ. ನಕಲಿಯವರಿಗೆ ಅಷ್ಟು ಸಾಕು.

ಈಗ ನನ್ನ ಹತ್ತಿರ ಎರಡು ಡೊನಾಲ್ಡ್ ಡಕ್ ಇವೆ. ಒಂದೇ ಚಿತ್ರ. ಸಾಲಿನಿಂದ ಸಾಲಿಗೆ ಕಳಿಸುತ್ತೇನೆ, ನಿಧಾನವಾಗಿ ನೋಡಿ. ಯಾವುದು ಅಸಲಿ ಅಂತ ಈಗಲೇ ಹೇಳುವುದಿಲ್ಲ.

ಮೊದಲು ಮುಂಭಾಗ. ದೀಪಕ್ಕೆ ನೇರ ಹಿಡಿಯಬೇಡಿ, ಓರೆ ಮಾಡಿ. ನೀಲಿ ಟೊಪ್ಪಿಯ ಮೇಲೆ ಬೆಳಕು ಜಾರುತ್ತಾ ಹೋಗುತ್ತದೆ. ಒಂದರಲ್ಲಿ ಅದು ತಡೆಯಿಲ್ಲದೆ ಜಾರುತ್ತದೆ. ಇನ್ನೊಂದರಲ್ಲಿ ನಡುವೆ ಸೂಜಿಮೊನೆಯಷ್ಟು ಗುಳಿ ಇದೆ, ಅಲ್ಲಿ ಬೆಳಕು ಮುರಿಯುತ್ತದೆ. ಬಣ್ಣ ಸಾಕಾಗುವಷ್ಟು ತುಂಬದೆ ಒಣಗಿದಾಗ, ಒಳಗೆ ಗಾಳಿ ಸಿಕ್ಕಾಗ ಹೀಗಾಗುತ್ತದೆ. ಈಗ ಕಣ್ಣು ನೋಡಿ. ಕಪ್ಪು ಬಣ್ಣ ಲೋಹದ ಗೆರೆ ದಾಟಿ ಬಿಳಿಯೊಳಗೆ ಇಣುಕಿದೆ. ಡೊನಾಲ್ಡ್ ಯಾವಾಗಲೂ ಕೋಪದಲ್ಲಿರುತ್ತಾನೆ, ಸರಿ. ಇಲ್ಲಿ ಮಾತ್ರ ಅವನಿಗೆ ಮೆಳ್ಳಗಣ್ಣು ಬಂದಿದೆ! ಕೊಕ್ಕಿನ ಬಣ್ಣ ಎರಡರಲ್ಲೂ ಬೇರೆ ಬೇರೆ. ಒಂದರಲ್ಲಿ ಗಾಢ, ಇನ್ನೊಂದರಲ್ಲಿ ಪೇಲವ. ಒಂದನ್ನೇ ನೋಡಿದರೆ ಬಣ್ಣದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಅಸಲಿ ಇರಬೇಕು, ಇಲ್ಲವೇ ಅದರ ಒಳ್ಳೆಯ ಫೋಟೊ ಇರಬೇಕು.

ಆಮೇಲೆ ಅಂಚು. ಉಗುರಿನ ತುದಿಯನ್ನು ಸುತ್ತಲೂ ಆಡಿಸಿ. ಅಸಲಿಯ ಅಂಚನ್ನು ಉಜ್ಜಿ ನಯ ಮಾಡಿರುತ್ತಾರೆ. ಇನ್ನೊಂದರಲ್ಲಿ ಬಾಲದ ಹತ್ತಿರ ಉಗುರು ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಇಟ್ಟರೆ ಗಾತ್ರದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಬಹುದು. ಅಸಲಿ ಪಿನ್ನಿನಿಂದಲೇ ಅಚ್ಚು ತೆಗೆದಾಗ ನಕಲು ಒಂಚೂರು ಕುಗ್ಗುವುದುಂಟು.

ಈಗ ಬೆನ್ನು. ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ಹಿಂಭಾಗದ ತುಂಬ ಮಿಕ್ಕಿ ತಲೆಗಳ ಸಣ್ಣ ಸಣ್ಣ ಅಚ್ಚು ಕಾಣುತ್ತದೆ, ಗುಬ್ಬಚ್ಚಿ ಹೆಜ್ಜೆಯಷ್ಟೇ ಚಿಕ್ಕವು. ಅಸಲಿಯಲ್ಲಿ ಈ ವಿನ್ಯಾಸ ಅಂಚಿನವರೆಗೂ ಹೋಗಿ, ಅಂಚು ಬಂದಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಅರ್ಧ ತಲೆ, ಕಾಲು ಕಿವಿ, ಹೀಗೆ. ನಕಲಿಗಳಲ್ಲಿ ಎಷ್ಟೋ ಸಲ ವಿನ್ಯಾಸ ಅಂಚಿಗೆ ಮುಂಚೆಯೇ ನಿಂತು, ಸುತ್ತ ಒಂದು ತೆಳುವಾದ ಬರಿ ಏರಿ ಉಳಿದಿರುತ್ತದೆ. ಈ ಡೊನಾಲ್ಡ್‌ಗೂ ಅಂಥ ಏರಿ ಇದೆ. ಇನ್ನು ನಡುವಿನ ಚೂಪು ಮೊಳೆಯ ಪಕ್ಕ ಒಂದೋ ಎರಡೋ ಪುಟ್ಟ ಗುಬುಟು ಇರಬೇಕು. ಬಟ್ಟೆಗೆ ಚುಚ್ಚಿದಾಗ ಪಿನ್ ಗಿರಗಿರ ತಿರುಗದಿರಲಿ ಅಂತ ಇಟ್ಟದ್ದು. ನಕಲಿ ಮಾಡುವವರು ಇದನ್ನು ಬಿಟ್ಟುಬಿಡುವುದು ಜಾಸ್ತಿ. ಕೊನೆಗೆ ಅಕ್ಷರ. ದುಂಡಿನೊಳಗಿನ ಸಿ, ಪಕ್ಕದಲ್ಲಿ ಡಿಸ್ನಿ ಹೆಸರು, ಪಿನ್ ಟ್ರೇಡಿಂಗ್ ಗುರುತು. ಅಸಲಿಯಲ್ಲಿ ಭೂತಗನ್ನಡಿ ಹಿಡಿದರೂ ಒಂದೊಂದು ಅಕ್ಷರವೂ ಬಿಡಿಬಿಡಿ. ನಕಲಿಯಲ್ಲಿ ಅಕ್ಷರದ ಹೊಟ್ಟೆ ತುಂಬಿಕೊಂಡು ಮಸುಕಾಗಿರುತ್ತದೆ.

ಎಲ್ಲರೂ ನೋಡಿದಿರಾ? ಮೆಳ್ಳಗಣ್ಣಿನವನೇ ನಕಲಿ.

ಒಂದು ಎಚ್ಚರಿಕೆ. ಇವುಗಳಲ್ಲಿ ಯಾವ ಒಂದು ಗುರುತನ್ನೂ ಹಿಡಿದುಕೊಂಡು ತೀರ್ಪು ಕೊಡಬೇಡಿ. ಶುರುವಿನ ವರ್ಷಗಳ ಅಸಲಿ ಪಿನ್‌ಗಳ ಬೆನ್ನಿನ ಮೇಲೆ ಮಿಕ್ಕಿ ತಲೆಗಳ ವಿನ್ಯಾಸವೇ ಇಲ್ಲ. ಅದು ಆಮೇಲೆ ಬಂದ ಪದ್ಧತಿ. "ವಿನ್ಯಾಸ ಇಲ್ಲ, ಹಾಗಾದರೆ ನಕಲಿ" ಅಂತ ಹಳೆಯ ಒಳ್ಳೆ ಪಿನ್‌ಗಳನ್ನು ಬೇಡ ಅಂದವರಿದ್ದಾರೆ. ಆ ಕಡೆ ನಕಲಿಯವರೂ ಸುಮ್ನೆ ಕೂತಿಲ್ಲ. ಅಂಚಿನವರೆಗೂ ವಿನ್ಯಾಸ ಒತ್ತುವುದನ್ನು ಅವರೂ ಕಲಿತಿದ್ದಾರೆ. ಅಸಲಿಯಲ್ಲೂ ಒಮ್ಮೊಮ್ಮೆ ಬಣ್ಣದ ಚುಕ್ಕೆ ತಪ್ಪಿರುತ್ತದೆ. ಗುಳಿಯೂ ಇದೆ, ಅಂಚೂ ಒರಟು, ಬೆನ್ನಿಗೂ ಏರಿ, ಅಕ್ಷರವೂ ಮಸುಕು ಅಂದಾಗ ಅನುಮಾನ ಗಟ್ಟಿ.

ಆಯಸ್ಕಾಂತದ ಪರೀಕ್ಷೆ ಅಂತ ಒಂದು ಚಾಲ್ತಿಯಲ್ಲಿದೆ. ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ ಅಂತ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಪಿನ್‌ಗಳನ್ನು ಕಬ್ಬಿಣದಲ್ಲೂ ಮಾಡುತ್ತಾರೆ, ಹಿತ್ತಾಳೆಯಲ್ಲೂ ಮಾಡುತ್ತಾರೆ, ಸತುವಿನ ಮಿಶ್ರಲೋಹದಲ್ಲೂ ಮಾಡುತ್ತಾರೆ. ನಕಲಿಯವರಿಗೂ ಈ ಮೂರೂ ಸಿಗುತ್ತವೆ. ಮೇಜಿನ ಮೇಲೆ ಬೀಳಿಸಿ ಸದ್ದು ಕೇಳುವವರೂ ಇದ್ದಾರೆ. ಅಸಲಿ ಪಿನ್ನಿನ ಮೂಲೆ ಒಡೆಯುವುದಕ್ಕೆ ಅದು ಒಳ್ಳೆಯ ದಾರಿ.

ಲಿಮಿಟೆಡ್ ಎಡಿಷನ್ ಪಿನ್‌ಗಳ ವಿಷಯ ಬೇರೆ. ಅವುಗಳ ಬೆನ್ನ ಮೇಲೆ ಒಟ್ಟು ಎಷ್ಟು ಮಾಡಿದ್ದಾರೆ ಅಂತ ಬರೆದಿರುತ್ತದೆ. ಕೆಲವು ನೂರರಷ್ಟೇ ಇರುವ ಪಿನ್‌ಗಳಿಗೆ ಸಂಗ್ರಹಕಾರರು ನೂರಾರು ಡಾಲರ್ ಕೊಡುತ್ತಾರೆ. ಅಂಥದ್ದನ್ನು ಯಾರೂ ಕಾಸ್ಟ್ ಮೆಂಬರ್ ಕೈಗೆ ಕೊಡುವುದಿಲ್ಲ, ಸಂಗ್ರಹಕಾರರೇ ತಮ್ಮೊಳಗೆ ಬದಲಾಯಿಸಿಕೊಳ್ಳುತ್ತಾರೆ. ಇಲ್ಲಿ ಪಿನ್ ನೋಡುವ ಮುಂಚೆ ಎದುರಿನ ಮನುಷ್ಯರನ್ನು ನೋಡಬೇಕು. ಪಿನ್ ಎಲ್ಲಿ ಕೊಂಡಿರಿ, ಅಂಟಿಸಿ ಬಂದ ಕಾರ್ಡ್ ಇದೆಯಾ, ರಸೀದಿ ಇದೆಯಾ ಅಂತ ಕೇಳುವುದು ಅವಮಾನವೇನಲ್ಲ. ನಿಜವಾದ ಸಂಗ್ರಹಕಾರರು ಅದನ್ನು ಹೇಳುವುದಕ್ಕೇ ಕಾಯುತ್ತಿರುತ್ತಾರೆ, ಕೇಳಿದರೆ ನಿಲ್ಲಿಸುವುದೇ ಇಲ್ಲ! ಆನ್‌ಲೈನ್ ಆದರೆ ಬೆನ್ನಿನ ಫೋಟೊ ಕೇಳಿ. ನಿಮ್ಮ ಹೆಸರು ಬರೆದ ಚೀಟಿಯನ್ನು ಪಿನ್ ಪಕ್ಕ ಇಟ್ಟು ತೆಗೆದ ಫೋಟೊ ಕೇಳಿ. ಅಸಲಿಯ ಫೋಟೊ ತೋರಿಸಿ ನಕಲಿ ಕಳಿಸುವುದು ಹಳೇ ಕೈಚಳಕ. ಹಾಗೆಯೇ, 500 ಮಾತ್ರ ಮಾಡಿದ ಪಿನ್ನನ್ನು ಒಬ್ಬರೇ ತಿಂಗಳುಗಟ್ಟಲೆ ಮಾರುತ್ತಲೇ ಇದ್ದರೆ ಬೆನ್ನು ನೋಡುವ ಕಷ್ಟವೂ ಬೇಡ.

ಅನುಮಾನ ಬಂದಾಗ ಹೋಲಿಸುವುದಕ್ಕೆ ಪಿನ್‌ಪಿಕ್ಸ್ ಅನ್ನುವ ತಾಣವಿದೆ. ಅಲ್ಲಿ ಡಿಸ್ನಿ ಪಿನ್‌ಗಳ ಚಿತ್ರ, ಯಾವ ಕಾಲದ್ದು, ಎಷ್ಟು ಮಾಡಿದ್ದಾರೆ ಎಲ್ಲ ಸಿಗುತ್ತದೆ. ಫ್ಯಾಂಟಸಿ ಪಿನ್ ಅಂತ ಇನ್ನೊಂದು ಬಗೆಯೂ ಇದೆ. ಅಭಿಮಾನಿಗಳೇ ಚಿತ್ರ ಬರೆದು, ಡಿಸ್ನಿಯ ಪರವಾನಗಿ ಇಲ್ಲದೆ ಮಾಡಿಸಿದ್ದು. ಅವು ಯಾವ ಅಸಲಿಯ ನಕಲೂ ಅಲ್ಲ, ಕೆಲವಂತೂ ಅಸಲಿಗಿಂತ ಚೆಂದ. ಆದರೆ ಪಾರ್ಕಿನಲ್ಲಿ ಬದಲಾಯಿಸಲು ಬರುವುದಿಲ್ಲ.

ಹಾಗಾದರೆ ಮಕ್ಕಳ ಕೈಗೆ ಏನು ಕೊಟ್ಟು ಕರೆದುಕೊಂಡು ಹೋಗುವುದು? ನನ್ನ ಸಲಹೆ, ಕಡಿಮೆ ಪಿನ್, ಆದರೆ ಎಲ್ಲವೂ ಗೊತ್ತಿರುವ ಕಡೆ ಕೊಂಡದ್ದು. ಡಿಸ್ನಿಯದ್ದೇ ಅಂಗಡಿಗಳಲ್ಲಿ ನಾಲ್ಕೈದು ಪಿನ್‌ಗಳ ಪ್ಯಾಕ್ ಸಿಗುತ್ತದೆ. ಬಿಡಿ ಪಿನ್ನಿಗಿಂತ ಅವು ಅಗ್ಗ. ಅನಾಹೈಮ್‌ನಲ್ಲಾದರೆ ಫ್ರಾಂಟಿಯರ್‌ಲ್ಯಾಂಡ್‌ನ ವೆಸ್ಟ್‌ವರ್ಡ್ ಹೋ, ಫ್ಲಾರಿಡಾದಲ್ಲಾದರೆ ಡಿಸ್ನಿ ಸ್ಪ್ರಿಂಗ್ಸ್‌ನ ಪಿನ್ ಟ್ರೇಡರ್ಸ್ ಪಿನ್ನಿಗೆ ಹೆಸರಾದ ಅಂಗಡಿಗಳು. ಮನೆಗೆ ಬಂದ ಮೇಲೆ ಒಂದು ಸಂಜೆ ಆ ಅಸಲಿಗಳನ್ನು ಮಕ್ಕಳ ಕೈಗೆ ಕೊಟ್ಟು ಬೆನ್ನು ತೋರಿಸಿ. ಅವರ ಕಣ್ಣು ನಮಗಿಂತ ಚುರುಕು. ನಾವು ಕನ್ನಡಕ ಹುಡುಕುವಷ್ಟರಲ್ಲಿ ಅವರು "ಇದಕ್ಕೆ ಗುಬುಟು ಇಲ್ಲ" ಅಂದಿರುತ್ತಾರೆ.

ಪಾರ್ಕಿನಲ್ಲಿ ಕಾಸ್ಟ್ ಮೆಂಬರ್ ಲ್ಯಾನ್ಯಾರ್ಡ್‌ಗೆ ಕೈ ಹಾಕಬೇಡಿ, ಅದು ನಿಯಮ. ಬೇಕಾದ್ದನ್ನು ತೋರಿಸಿ, "ಇದರ ಹಿಂಭಾಗ ಸ್ವಲ್ಪ ತೋರಿಸ್ತೀರಾ" ಅಂತ ಕೇಳಿ. ನಗುತ್ತಲೇ ತೋರಿಸುತ್ತಾರೆ. ಹಿಂದೆ ಸರತಿಯಲ್ಲಿ ಜನ ಇದ್ದರೆ ಮಾತ್ರ ಬೇಗ ಮುಗಿಸಿ.

ಡಿಸ್ನಿ ಆಯಿತು. ಒಲಿಂಪಿಕ್ಸ್ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ 2028ರಲ್ಲಿ ಅದು ನಮ್ಮ ಮನೆ ಬಾಗಿಲಿಗೇ, ಲಾಸ್ ಏಂಜಲೀಸ್‌ಗೇ ಬರುತ್ತಿದೆ. ಪಿನ್ ವಿನಿಮಯದಲ್ಲಿ ಡಿಸ್ನಿಗಿಂತ ಅವರೇ ಹಿರಿಯರು. 1896ರ ಅಥೆನ್ಸ್ ಕೂಟದಲ್ಲಿ ಆಟಗಾರರನ್ನೂ ಅಧಿಕಾರಿಗಳನ್ನೂ ಗುರುತಿಸಲು ರಟ್ಟಿನ ಬಿಲ್ಲೆ ಕೊಟ್ಟಿದ್ದರು. ಅಲ್ಲಿಂದ ಬೆಳೆದ ಹುಚ್ಚು ಇದು. 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಕೂಟದ ಹೊತ್ತಿಗೆ ಪ್ರೇಕ್ಷಕರೂ ಇದಕ್ಕೆ ಬಿದ್ದರು. 1988ರಲ್ಲಿ ಕ್ಯಾಲ್ಗರಿಯಲ್ಲಿ ಕೋಕಾಕೋಲಾದವರು ಪಿನ್ ಬದಲಾಯಿಸಲೆಂದೇ ಒಂದು ಕೇಂದ್ರ ತೆರೆದರು. 2024ರ ಪ್ಯಾರಿಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಹೃದಯದ ಆಕಾರದ ಪಿನ್ನಿಗೆ ಆಟಗಾರರೇ ಮುಗಿಬಿದ್ದಿದ್ದರು.

ಅಲ್ಲಿ ಕಷ್ಟ ಏನೆಂದರೆ, ಎಲ್ಲ ಪಿನ್ನಿನ ಬೆನ್ನಿಗೂ ಒಂದೇ ಗುರುತು ಇರುವುದಿಲ್ಲ. ಪ್ರತಿ ದೇಶದ ಒಲಿಂಪಿಕ್ ಸಮಿತಿ, ಪ್ರತಿ ಪ್ರಾಯೋಜಕರು, ಪ್ರತಿ ಟಿವಿ ಚಾನೆಲ್ ತಮ್ಮ ತಮ್ಮ ಪಿನ್ ಮಾಡಿಸುತ್ತಾರೆ. ಡೊನಾಲ್ಡ್ ಬೆನ್ನು ನೋಡಿದ ಹಾಗೆ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಯಾರ ಕೈಯಿಂದ ಬಂತು ಅನ್ನುವುದೇ ಅಲ್ಲಿ ದೊಡ್ಡ ಸಾಕ್ಷಿ. ದೇಶದ ತಂಡದ ಪಿನ್ ಆ ತಂಡದವರಿಂದಲೇ ಸಿಕ್ಕಿದರೆ ಸರಿ. ಕ್ರೀಡಾಂಗಣದ ಹೊರಗಿನ ಫುಟ್‌ಪಾತ್‌ನಲ್ಲಿ ಇಪ್ಪತ್ತು ದೇಶದ ಪಿನ್ ಸಾಲಾಗಿ ಜೋಡಿಸಿ, ಎಲ್ಲವೂ ಒಂದೇ ಗಾತ್ರ, ಒಂದೇ ಹೊಳಪು ಇದ್ದರೆ ಮುಂದೆ ಹೋಗಿ. 2028ರಲ್ಲಿ, 1900ರ ನಂತರ ಮೊದಲ ಸಲ, ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ, ಅದೂ ಲಾಸ್ ಏಂಜಲೀಸ್ ಹತ್ತಿರದ ಪೊಮೋನಾದಲ್ಲಿ. ಭಾರತದ ಕ್ರಿಕೆಟ್ ಪಿನ್ ಬೇಕು ಅನ್ನುವವರು ನಮ್ಮಲ್ಲೇ ಎಷ್ಟು ಜನ ಇಲ್ಲ? ನಕಲಿ ಮಾಡುವವರಿಗೂ ಅದು ಗೊತ್ತು.

ಮಾತು ಮುಗಿದ ಮೇಲೆ ಒಂದಷ್ಟು ಪ್ರಶ್ನೆ ಬಂದವು. ಎರಡನ್ನು ಬರೆಯುತ್ತೇನೆ.

ಒಬ್ಬ ಹಿರಿಯರು ಕೇಳಿದರು: "ಅಲ್ಲಮ್ಮ, ಮಕ್ಕಳ ಆಟಕ್ಕೆ ಇಷ್ಟೆಲ್ಲಾ ಯಾಕೆ? ನಕಲಿಯಾದರೂ ಮಗುವಿಗೆ ಖುಷಿ ಆದರೆ ಸಾಲದಾ?" ಸಾಲುತ್ತದೆ ಸರ್, ಆ ಮಗು ಬದಲಿಗೆ ಕೊಟ್ಟದ್ದೂ ನಕಲಿಯೇ ಆಗಿದ್ದರೆ. ನೀವು ಹತ್ತು ಡಾಲರ್ ಕೊಟ್ಟು ಕೊಡಿಸಿದ್ದನ್ನು ಮಗು ಕೊಟ್ಟು ಬಂದಿರುತ್ತದೆ. ಇನ್ನೊಂದು, ಈ ನಕಲಿಗಳಲ್ಲಿ ಯಾವ ಲೋಹ, ಯಾವ ಬಣ್ಣ ಹಾಕಿದ್ದಾರೆ ಅಂತ ಕೇಳುವವರಿಲ್ಲ. ಚಿಕ್ಕ ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ. ಇದು ಬರೀ ಮಕ್ಕಳ ಆಟವೂ ಅಲ್ಲ. ನಕಲಿ ಟ್ರೇಡ್‌ಮಾರ್ಕ್ ಇರುವ ಸರಕನ್ನು ಗೊತ್ತಿದ್ದೂ ಮಾರುವುದು ಈ ದೇಶದಲ್ಲಿ ಫೆಡರಲ್ ಅಪರಾಧ. ಕಸ್ಟಮ್ಸ್‌ನವರು ಇಂಥ ಮಾಲು ಸಿಕ್ಕರೆ ಜಪ್ತಿ ಮಾಡುತ್ತಾರೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು: "ಆಂಟಿ, ನನ್ನ ಹತ್ತಿರ ಆಗಲೇ ಏಳು ನಕಲಿ ಇವೆ ಅಂತ ಈಗ ಗೊತ್ತಾಯ್ತು. ಏನ್ ಮಾಡ್ಲಿ?" ಇಷ್ಟವಾದದ್ದನ್ನು ಇಟ್ಟುಕೋ ಪುಟ್ಟಿ, ಶಾಲೆ ಬ್ಯಾಗಿಗೆ ಚುಚ್ಚಿಕೋ. ಬೆನ್ನಿನ ಮೇಲೆ ಅಳಿಸದ ಮಾರ್ಕರ್‌ನಿಂದ ಒಂದು ಅಡ್ಡಗೆರೆ ಎಳೆದುಬಿಡು. ನಾಳೆ ನಿನ್ನ ತಮ್ಮ ಗೊತ್ತಿಲ್ಲದೆ ಅದನ್ನು ಪಾರ್ಕಿಗೆ ಒಯ್ದರೂ ಯಾರಿಗೂ ಮೋಸವಾಗುವುದಿಲ್ಲ. ಉಳಿದದ್ದನ್ನು ನನಗೆ ಕೊಡು ಅಂದೆ, ಮುಂದಿನ ಸಲ ತೋರಿಸುವುದಕ್ಕೆ ಬೇಕು. ಅವಳು ಸ್ವಲ್ಪ ಯೋಚಿಸಿ, "ಬದಲಿಗೆ ನೀವು ಏನು ಕೊಡ್ತೀರಾ?" ಅಂದಳು.